ನೋಡಲು ಬಂದವರೆದುರು ಇನ್ಸುಲಿನ್

ಸ್ನೇಹಿತರೇ, ಇಂದು ಉಪ್ಪಲ್‌ನ ನಮ್ಮ ಮನೆಗೆ ನನ್ನನ್ನು ನೋಡಲು ವರನ ಕಡೆಯವರು ಬಂದಿದ್ದರು. ಹುಡುಗನಿಗೆ ಕೊಂಡಾಪುರದ ಐಟಿ ಕಂಪನಿಯಲ್ಲಿ ಕೆಲಸ. ನನಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಅದನ್ನು ಸದ್ಯಕ್ಕೆ ಮುಚ್ಚಿಡೋಣ ಎಂದು ಅಮ್ಮ ಹೇಳಿದ್ದಳು. ಉಪ್ಪಿಟ್ಟಿನ ತಟ್ಟೆ ಬಂದಾಗ ನಾನು ಎಲ್ಲರೆದುರೇ ಇನ್ಸುಲಿನ್ ಚುಚ್ಚಿಕೊಂಡೆ.

ಹುಡುಗನ ತಾಯಿ ಗಾಬರಿಯಾದರು. “ಇದು ಯಾವಾಗ ಆರಾಮ ಆಗ್ತೈತಿ ತಂಗಿ?”

“ಪೂರ್ತಿ ಹೋಗೂದಿಲ್ರಿ. ದಿನಾ ಸೂಜಿ ಮಾಡ್ಕೊಂಡು, ಸಕ್ಕರಿ ಚೆಕ್ ಮಾಡ್ಕೊಂಡು ಭಾಳ ಆರಾಮ ಅದೀನಿ. ನೌಕರಿನೂ ಮಾಡಾಕತ್ತೀನಿ.”

ಅಮ್ಮ ತಲೆ ತಗ್ಗಿಸಿದಳು. ಅಷ್ಟರಲ್ಲಿ ಹುಡುಗ ಜೇಬಿನಿಂದ ಇನ್‌ಹೇಲರ್ ತೆಗೆದು ಮೇಜಿನ ಮೇಲಿಟ್ಟ. “ಅವ್ವಾ, ನನ್ನ ಅಸ್ತಮಾನೂ ಹೇಳಿಬಿಡು. ಅದೂ ಹೋಗೂದಿಲ್ಲ.”

ನಮ್ಮಿಬ್ಬರ ಜಾತಕ ಕೂಡುತ್ತದೋ ಗೊತ್ತಿಲ್ಲ. ಅಮ್ಮಂದಿರದು ಮಾತ್ರ ಪೂರ್ತಿ ಕೂಡಿದೆ.