ಪೌಡರ್ ಹಚ್ಚಿಕೊಂಡ ಇಂಜಿನ್

ನಮ್ಮ ಮನೆಯ ಮುಂದಿನ ರಂಗೋಲಿಯಲ್ಲಿ ಒಂದು ಕರಿ ಚುಕ್ಕೆ ಇರುತ್ತಿತ್ತು. ಅದು ನನ್ನ ಹೆಂಡತಿ ಸುಮಂಗಲಾ ಇಟ್ಟದ್ದಲ್ಲ, ನನ್ನ ಮೋಟಾರ್ ಸೈಕಲ್ ಇಟ್ಟದ್ದು. ಆಕೆ ಬೆಳಿಗ್ಗೆ ಅಂಗಳ ತೊಳೆದು ಸಾಲಾಗಿ ಚುಕ್ಕೆ ಇಡುತ್ತಾ ಬರುವ ಹೊತ್ತಿಗೆ ಗಾಡಿ ತನ್ನ ಪಾಲಿನದೊಂದನ್ನು ಮೊದಲೇ ಇಟ್ಟು ಕಾಯುತ್ತಿರುತ್ತಿತ್ತು. ಕೆಲವು ದಿನ ಆಕೆ ಸೋಪಿನ ಪುಡಿ ಹಾಕಿ ತಿಕ್ಕಿದಳು. ಆಮೇಲೆ ಸೋತು, ಆ ಎಣ್ಣೆಯ ಕಲೆಯನ್ನೇ ನಡುವಿಗಿಟ್ಟುಕೊಂಡು ಸುತ್ತ ಕಮಲದ ಎಸಳು ಬರೆಯತೊಡಗಿದಳು. ಓಣಿಯ ಹೆಂಗಸರು ಹೊಸ ನಮೂನೆ ಎಂದು ಮೆಚ್ಚಿಕೊಂಡರು. ನನಗೆ ಮಾತ್ರ ಅದು ನನ್ನ ಹೆಸರಿಗೆ ಬಂದ ನೋಟೀಸಿನಂತೆ ಕಾಣುತ್ತಿತ್ತು.

“ರೀ, ಇದು ಅಂಗಳ ಐತೋ ಗ್ಯಾರೇಜ್ ಐತೋ? ಸರಿಯಾಗಿ ರಿಪೇರಿ ಮಾಡಿಸ್ರಿ, ಇಲ್ಲಾಂದ್ರ ಮಾರಿಬಿಡ್ರಿ” ಎಂದು ಒಂದು ದಿನ ಬಾಯಿಬಿಟ್ಟೇ ಹೇಳಿದಳು.

ಮಾರುವುದೇ? ನಾನು ಕುರುಗೋಡಿನಲ್ಲಿ ಕನ್ನಡ ಮೇಷ್ಟ್ರು. ಬಳ್ಳಾರಿಯಿಂದ ದಿನಾ ಹೋಗಿ ಬರುವ ಆ ದಾರಿಯ ತಗ್ಗು ದಿನ್ನೆಗಳು ನನಗಿಂತ ಗಾಡಿಗೇ ಚೆನ್ನಾಗಿ ಗೊತ್ತು. ಆದರೆ ನನ್ನ ಹಟಕ್ಕೆ ಕಾರಣ ಅದಲ್ಲ. ಹೆಣ್ಣು ನೋಡಲು ಸಿರುಗುಪ್ಪಕ್ಕೆ ನಾನು ಹೋದದ್ದು ಇದೇ ಗಾಡಿಯಲ್ಲಿ. ಸುಮಂಗಲಾಳ ತಂದೆ, ಅಂದರೆ ಈಗಿನ ನನ್ನ ಮಾವನವರು, ಆಗ ಅಕ್ಕಿ ಗಿರಣಿಯೊಂದರಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದರು. ಮಾತು ಬಹಳ ಕಡಿಮೆ. ನಮ್ಮ ಹಿರಿಯರು ಒಳಗೆ ವಗ್ಗಾಣಿ ಮಿರ್ಚಿ ತಿನ್ನುತ್ತಾ ನನ್ನ ಓದು, ನೌಕರಿ, ಸದ್ಗುಣಗಳನ್ನು ಬಣ್ಣಿಸುತ್ತಿದ್ದರೆ ಅವರು ಮೆಲ್ಲಗೆ ಎದ್ದು ಹೊರಗೆ ಹೋದರು. ಗಾಡಿಗೆ ಒಂದು ಪ್ರದಕ್ಷಿಣೆ ಹಾಕಿ, ಅದನ್ನು ಒಂದೇ ಏಟಿಗೆ ಡಬಲ್ ಸ್ಟ್ಯಾಂಡಿಗೆ ಎಳೆದು ನೆಟ್ಟಗೆ ನಿಲ್ಲಿಸಿ, ಎಣ್ಣೆಯ ಮುಚ್ಚಳ ತಿರುವಿ, ಅದರ ಕಡ್ಡಿಯಲ್ಲಿ ಅಳತೆ ನೋಡಿ ಒಳಗೆ ಬಂದರು.

“ಗಾಡಿ ಚೊಲೋ ಇಟ್ಟಾನ. ಹುಡುಗೀನೂ ಚೊಲೋ ಇಟ್ಕಂತಾನ” ಎಂದರು. ಮದುವೆ ಗೊತ್ತಾಯಿತು.

ಈ ಮಾತನ್ನು ಹಿಡಿದು ಸುಮಂಗಲಾ ಇಂದಿಗೂ ನನ್ನನ್ನು ಕಾಡುತ್ತಾಳೆ. ಕಾಡಲಿ. ನನ್ನ ಜೀವನದಲ್ಲಿ ನನಗೆ ಸಿಕ್ಕಿರುವ ಪ್ರಶಸ್ತಿ ಅದೊಂದೇ. ಎಣ್ಣೆ ಸೋರುವ ಗಾಡಿಯನ್ನು ಮಾವನವರ ಅಂಗಳದಲ್ಲಿ ನಿಲ್ಲಿಸುವುದೆಂದರೆ ಕೊಟ್ಟವರ ಕಣ್ಣೆದುರೇ ಆ ಪ್ರಶಸ್ತಿಯನ್ನು ಕಳೆದುಕೊಂಡಂತೆ. ಹಾಗಾಗಬಾರದು ಎಂಬುದೇ ನನ್ನ ಚಿಂತೆ.

ಆದರೆ ಆಗಬಾರದ್ದು ಆಗಿಯೇ ಹೋಗಿತ್ತು. ನಾವು ಆಗಾಗ ಶನಿವಾರ ಸಂಜೆ ಸಿರುಗುಪ್ಪಕ್ಕೆ ಹೋಗಿ ಸೋಮವಾರ ನಸುಕಿನಲ್ಲಿ ಮರಳುವುದು ರೂಢಿ. ಹಾಗೆ ಹೋದಾಗ ಒಮ್ಮೆ ಅವರ ಅಂಗಳದ ಕಡಪ ಕಲ್ಲಿನ ಮೇಲೆ ಒಂದು ಹನಿ ಬಿದ್ದಿತ್ತು. ಮಾವ ಅದನ್ನು ನೋಡಿದರು. ಬಟ್ಟೆ ತಂದು ಒರೆಸಿ ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಬಳ್ಳಾರಿಗೆ ಬಂದವನೇ ಬ್ರೂಸ್‌ಪೇಟೆಯ ಸಂದಿಯಲ್ಲಿರುವ ನಮ್ಮ ಮೆಕ್ಯಾನಿಕ್ ಬಾಷಾನ ಬಳಿ ಓಡಿದೆ. ಬಾಷಾ ಸದಾ ಉತ್ಸಾಹಿ. ಸುಲಭಕ್ಕೆ ಸೋಲೊಪ್ಪುವವನಲ್ಲ. “ಪ್ಯಾಕಿಂಗ್ ಹೋಗೇತಿ ಸರ, ಹೊಸಾದು ಹಾಕಿದ್ರ ಖಲಾಸ್” ಎಂದು ಇಂಜಿನ್ನಿನ ಸಂದು ಮುಚ್ಚುವ ಆ ಪಟ್ಟಿಯನ್ನು ಹೊಸದಾಗಿ ಹಾಕಿದ. ಕೆಲವು ದಿನ ಅಂಗಳ ಒಣಗಿತ್ತು. ಆಮೇಲೆ ಒಂದು ಸೋಮವಾರ ಮತ್ತೆ ಕಲೆ. ಅವನು ಇನ್ನೊಂದು ಕಡೆ ಪ್ಯಾಕಿಂಗ್ ಬದಲಿಸಿದ. ಮತ್ತೆ ಕಲೆ. ಇಂಜಿನ್ನಿನ ತುಂಬ ಹೊಸ ಪ್ಯಾಕಿಂಗು, ಅಂಗಳದಲ್ಲಿ ಅದೇ ಹಳೆಯ ಕಮಲ.

ಎಣ್ಣೆಯ ಸ್ವಭಾವವೇ ಹಾಗೆ. ಅದು ಹುಟ್ಟಿದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಎಲ್ಲೋ ಮೇಲೆ ಜಿನುಗಿ, ಗಾಳಿಗೆ ಹಿಂದೆ ಸರಿದು, ಸಂದಿಗೊಂದಿಯಲ್ಲಿ ಇಳಿದು, ಎಲ್ಲಕ್ಕಿಂತ ಕೆಳಗಿರುವ ಬಡಪಾಯಿ ಬೋಲ್ಟಿನ ತುದಿಯಿಂದ ತೊಟ್ಟಿಕ್ಕುತ್ತದೆ. ನಾವು ಆ ಬೋಲ್ಟನ್ನು ಹಿಡಿದು ಬಿಗಿಯುತ್ತೇವೆ. ನಮ್ಮ ಶಾಲೆಯಲ್ಲೂ ಅಷ್ಟೆ. ಹೆಡ್‌ಮಾಸ್ತರರ ಮನೆಯಲ್ಲಿ ಬೆಳಿಗ್ಗೆ ಉಪ್ಪಿಟ್ಟಿಗೆ ಉಪ್ಪು ಹೆಚ್ಚಾದರೆ ಮಧ್ಯಾಹ್ನ ಎಂಟನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಯಾರೋ ಅಳುತ್ತಿರುತ್ತಾರೆ. ನಡುವೆ ನಾವು ಮೇಷ್ಟ್ರುಗಳು ಇರುತ್ತೇವಲ್ಲ, ಎಣ್ಣೆ ಇಳಿಯುವ ದಾರಿಯಾಗಿ.

ಕೊನೆಗೆ ಬಾಷಾ ತಲೆ ಕೆರೆದುಕೊಂಡು ಕೇಳಿದ: “ಸರ, ಮನಿಯಾಗ ಮುಖಕ್ಕ ಹಚ್ಚೋ ಪೌಡರ್ ಐತೇನ್ರಿ?”

ಇಂಜಿನ್ನನ್ನು ಚೆನ್ನಾಗಿ ತೊಳೆದು ಒಣಗಿಸಿ ಪೌಡರ್ ಉದುರಿಸಿದರೆ, ಎಣ್ಣೆ ಎಲ್ಲಿ ಮೊದಲು ಜಿನುಗುತ್ತದೋ ಅಲ್ಲಿ ಪೌಡರ್ ಒದ್ದೆಯಾಗಿ ಕಪ್ಪಾಗುತ್ತದಂತೆ. ಸುಮಂಗಲಾಳ ಡಬ್ಬಿಯನ್ನು ಆಕೆಗೆ ಹೇಳಿಯೇ ಒಯ್ದೆ. “ನನಗ ಹೇಳದಂಗ ಅದಕ್ಕ ಕಾಡಿಗೀನೂ ಹಚ್ಚೀರಿ ಮತ್ತ” ಎಂದಳು. ಮಲ್ಲಿಗೆಯ ವಾಸನೆ ಬೀರುತ್ತಾ, ಬಿಳಿ ಮುಖದ ಗಾಡಿ ಕುರುಗೋಡಿಗೆ ಹೊರಟಿತು. ಸ್ಟಾಫ್ ರೂಮಿನವರು ಅದನ್ನು ನೋಡಿ ಲಗ್ನ ಯಾವಾಗ ಎಂದು ವಿಚಾರಿಸಿದರು.

ಆ ವಾರ ನಾನು ಶಾಲೆಯ ಪಕ್ಕದ ಪುಟ್ಟ ಬಸವಣ್ಣನ ಗುಡಿಗೂ ಹೋಗಿ, ನನ್ನ ಗಾಡಿಯ ಎಣ್ಣೆ ನಿಲ್ಲಿಸಪ್ಪಾ ಎಂದು ಬೇಡಿಕೊಂಡು ದೀಪಕ್ಕೆ ಎಣ್ಣೆ ಹಾಕಿದೆ. ಆ ದೀಪದ ಸುತ್ತ ನೆಲ ಯಾವಾಗಲೂ ಜಾರುತ್ತದೆ. ಪೂಜಾರಿ ಅಲ್ಲಿ ಬೂದಿ ಚೆಲ್ಲುತ್ತಾ ಗೊಣಗಿದರು: “ತುಂಬೈತೋ ಇಲ್ಲೋ ಯಾರೂ ನೋಡಂಗಿಲ್ಲ ನೋಡ್ರಿ. ಬಂದೋರೆಲ್ಲಾ ಸುರುವೋರೇ.” ನಾನು ತಪ್ಪಿತಸ್ಥನಂತೆ ಶೀಷೆ ಮುಚ್ಚಿಕೊಂಡು ಬಂದೆ. ಆ ಮಾತಿನಲ್ಲೇ ನನ್ನ ಉತ್ತರವಿತ್ತು ಎಂದು ಆಗ ಹೊಳೆಯಲಿಲ್ಲ.

ವಾರವೆಲ್ಲ ಓಡಾಡಿದರೂ ಪೌಡರ್ ಬೆಳ್ಳಗೇ ಇತ್ತು. ಶನಿವಾರ ಸಿರುಗುಪ್ಪಕ್ಕೆ ಹೋದೆವು, ಆಗಲೂ ಬೆಳ್ಳಗಿತ್ತು. ಸೋಮವಾರ ಅಲ್ಲಿಂದ ಬಳ್ಳಾರಿಗೆ ಬಂದು ಇಳಿದು ನೋಡಿದರೆ ಒಂದು ಪೈಪಿನ ಬಾಯಿಯ ಸುತ್ತ ಪೂರಾ ಒದ್ದೆ! ತವರಿನಿಂದ ಹೊರಡುವಾಗ ಸುಮಂಗಲಾ ಊರು ದಾಟುವ ತನಕ ಕಣ್ಣೊರೆಸಿಕೊಳ್ಳುವುದುಂಟು. ಈಗ ಗಾಡಿಯೂ ಅದನ್ನೇ ಕಲಿಯಿತೇ?

ಬಾಷಾ ಅಳತೆ ನೋಡಿ ನಕ್ಕ. “ಇದು ಸೋರಾಕತ್ತಿಲ್ಲ ಸರ, ಉಕ್ಕಾಕತ್ತೈತಿ. ಎಣ್ಣಿ ಜಾಸ್ತಿ ಆಗಿ, ಇಂಜಿನ್ ಉಸಿರು ಬಿಡೋ ಪೈಪಿನಾಗ ಹೊರಗ ಬರಾಕತ್ತೈತಿ. ಯಾರ್ರಿ ಹಾಕಿದ್ದು?”

“ನಾನಂತೂ ಹಾಕಿಲ್ಲಪ್ಪ.”

“ನಾನೂ ಹಾಕಿಲ್ರಿ. ಹಂಗಾರ ಇದ್ಯಾವ ದೇವರ ಮಹಿಮಾ?”

ದೇವರ ದರ್ಶನ ಮುಂದಿನ ಸಲ ಸಿರುಗುಪ್ಪಕ್ಕೆ ಹೋದಾಗ ಆಯಿತು. ನಸುಕಿನಲ್ಲಿ ಏನೋ ಸದ್ದಾಗಿ ಕಿಟಕಿಯಿಂದ ನೋಡಿದೆ. ಅಂಗಳದಲ್ಲಿ ಮಾವನವರು. ಪಕ್ಕದಲ್ಲಿ ಎಣ್ಣೆಯ ಡಬ್ಬಿ, ಹೆಗಲ ಮೇಲೆ ಒರೆಸುವ ಬಟ್ಟೆ. ನನ್ನ ಸೋಮಾರಿತನದ ಪ್ರಕಾರ ಗಾಡಿ ಸೈಡ್ ಸ್ಟ್ಯಾಂಡಿನಲ್ಲಿ ಎಡಕ್ಕೆ ವಾಲಿ ನಿಂತಿತ್ತು. ಅವರು ಹ್ಯಾಂಡಲ್ ಹಿಡಿದು, ಡಬಲ್ ಸ್ಟ್ಯಾಂಡಿನ ಮೇಲೆ ಕಾಲಿಟ್ಟು ಎಳೆದರು. ಗಾಡಿ ಅಲುಗಾಡಲಿಲ್ಲ. ಇನ್ನೊಮ್ಮೆ ಎಳೆದರು. ಮೊಣಕಾಲು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. ಆಮೇಲೆ ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದರು. ನಾನು ಕಿಟಕಿಯಿಂದ ಹಿಂದೆ ಸರಿದೆ. ಮತ್ತೆ ಇಣುಕಿದಾಗ ವಾಲಿದ ಗಾಡಿಯಲ್ಲೇ ಕಡ್ಡಿ ಅದ್ದಿ ನೋಡುತ್ತಿದ್ದರು. ಗಾಡಿ ಎಡಕ್ಕೆ ವಾಲಿದರೆ ಎಣ್ಣೆಯೂ ಎಡಕ್ಕೆ ಸರಿಯುತ್ತದೆ, ಬಲಗಡೆಯ ಕಡ್ಡಿಗೆ ಕಡಿಮೆ ತೋರುತ್ತದೆ. ಇಂಜಿನ್ನುಗಳ ಜೊತೆಯೇ ಬಾಳಿದ ಅವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಗಾಡಿ ಎತ್ತಲಾಗುವುದಿಲ್ಲ, ಎತ್ತಿಕೊಡಿ ಎಂದು ಅಳಿಯನನ್ನು ಕೇಳಲಾಗುವುದಿಲ್ಲ, ಮಗಳು ಕೂರುವ ಗಾಡಿಯನ್ನು ನೋಡದೆ ಕಳಿಸಲೂ ಆಗುವುದಿಲ್ಲ. ಕಡಿಮೆ ಬೀಳುವುದಕ್ಕಿಂತ ಒಂದಿಷ್ಟು ಹೆಚ್ಚೇ ಇರಲಿ ಎಂದು ಸುರಿದರು. ಅಂದು ಬಿದ್ದ ಆ ಒಂದು ಹನಿಯಿಂದ ಅವರ ಈ ನಸುಕಿನ ಸೇವೆ ಶುರುವಾಗಿತ್ತು. ಮೊದಲಿನ ಸೋರಿಕೆಯನ್ನು ಬಾಷಾ ಎಂದೋ ನಿಲ್ಲಿಸಿದ್ದ, ಆಮೇಲಿನ ಕಲೆಗಳೆಲ್ಲ ಈ ಡಬ್ಬಿಯವು.

ಬಳ್ಳಾರಿಗೆ ಬಂದ ಮೇಲೆ ಸುಮಂಗಲಾಳಿಗೆ ಹೇಳಿದೆ. ಮೊದಲು ನಕ್ಕಳು. “ಅಪ್ಪಗ ಹೇಳಿಗೀಳೀರಿ ಮತ್ತ” ಎಂದಳು ಕೊನೆಗೆ. ಗಾಡಿ ಮಾರುವ ಮಾತು ಅಲ್ಲಿಗೆ ಮುಗಿಯಿತು. ಆದರೆ ಸುರಿಯುವುದನ್ನು, ಅವರಿಗೆ ನೋವಾಗದಂತೆ, ನಿಲ್ಲಿಸುವುದು ಹೇಗೆ?

ನಾನು ಜಾಣತನ ಮಾಡಿದೆ. ಬಾಷಾನಿಂದ ಎಣ್ಣೆಯ ಅಳತೆ ಸರಿಮಾಡಿಸಿಕೊಂಡು, ಮುಂದಿನ ಸಲ ಹೋದಾಗ ಕಾಲು ತೊಳೆಯುವ ಮೊದಲೇ ಗಾಡಿಯನ್ನು ನಾನೇ ಡಬಲ್ ಸ್ಟ್ಯಾಂಡಿಗೆ ಹಾಕಿದೆ. ನಸುಕಿನಲ್ಲಿ ಮಾವ ಬಂದರು, ನೋಡಿದರು, ಅಳತೆ ಸರಿಯಾಗಿತ್ತು. ಡಬ್ಬಿಯನ್ನು ಹಾಗೆಯೇ ಒಳಗಿಟ್ಟು ಬಂದು ಕೂತರು. ನನ್ನ ಲೆಕ್ಕಾಚಾರ ಗೆದ್ದಿತ್ತು. ಆದರೆ ಅವರ ಮುಂದಿಟ್ಟ ಚಹಾ ಕೆನೆಗಟ್ಟಿತು. ಕೆಲಸದಿಂದ ಬಿಡಿಸಿದವರ ಹಾಗೆ ತಮ್ಮ ಕೈಗಳನ್ನೇ ನೋಡುತ್ತಾ ಕೂತಿದ್ದರು. ಮದುವೆಯಾದ ಮೊದಲ ದೀಪಾವಳಿಗೆ ನನ್ನ ತಲೆಗೆ ಎಣ್ಣೆ ಒತ್ತಿದ ಕೈಗಳು ಅವು. ಎಣ್ಣೆ ಉಳಿಸಿ ನಾನು ಏನು ಗಳಿಸಿದೆನೋ ತಿಳಿಯಲಿಲ್ಲ.

ಅದಕ್ಕೇ ಆಮೇಲೆ ಹೋಗುವಾಗ ಬಾಷಾನಿಗೆ ಎಣ್ಣೆ ಸ್ವಲ್ಪ ತೆಗೆ ಎಂದೆ. “ಸರ, ಹುಷಾರದೀರಲ್ಲ?” ಎಂದು ಅನುಮಾನದಿಂದಲೇ ತೆಗೆದ.

ಆ ನಸುಕಿನಲ್ಲಿ ನಾನೂ ಎದ್ದು ಅಂಗಳಕ್ಕೆ ಬಂದೆ. ಗಾಡಿ ನೆಟ್ಟಗೆ ನಿಂತಿತ್ತು. ಮಾವ ಕಡ್ಡಿ ತೆಗೆದು ನೋಡಿದರು, ಮುಖ ಬೆಳಗಿತು. “ಕಮ್ಮಿ ಐತಿ” ಎಂದರು. ನಾನು ಲಾಳಿಕೆ ಹಿಡಿದೆ, ಅವರು ಸುರಿದರು. ಮತ್ತೆ ಅಳತೆ ನೋಡಿ, ಮುಚ್ಚಳ ಬಿಗಿದು, ಕೈ ಒರೆಸಿಕೊಳ್ಳುತ್ತಾ ಅವರು ಡಬಲ್ ಸ್ಟ್ಯಾಂಡನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಅಳಿಯಾರ, ಮುಂದಿನ ಸಲ ಇಷ್ಟು ಕಮ್ಮಿ ಮಾಡ್ಕಂಡು ಬರಬ್ಯಾಡ್ರಿ, ಇಂಜಿನ್ನಿಗೆ ಒಳ್ಳೇದಲ್ಲ” ಎಂದರು. “ಒಂದು ಚಮಚಾ ಕಮ್ಮಿ ಇದ್ರ ಸಾಕು ನನಗ.”