‘ಒಳ್ಳೆ ಕೈ’ ಎನ್ನುತ್ತಿದ್ದ ಕಸಿ ಪಿಳ್ಳಪ್ಪ

ಕಸಿ ಪಿಳ್ಳಪ್ಪನವರು ಹೊಸಬರನ್ನು ಕಂಡರೆ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಕ್ಷೌರಿಕ, ದರ್ಜಿ, ಮದುವೆಮನೆಯಲ್ಲಿ ತರಕಾರಿ ಹೆಚ್ಚುವವರು, ಎಲ್ಲರಿಗೂ ಅದೇ ಪರೀಕ್ಷೆ. ಮೆಚ್ಚಿದರೆ ‘ಒಳ್ಳೆ ಕೈ’ ಎನ್ನುವರು. ವರದಿಗಾರನಾದ ನನಗೆ ಸಿಕ್ಕ ಫಲಿತಾಂಶ: ‘ಪೆನ್ನಿಗೆ ಸಾಕು, ಚಾಕು ಮುಟ್ಬೇಡ.’

ಶ್ರೀನಿವಾಸಪುರದಲ್ಲಿ ಅವರದು ನಮ್ಮ ಪಕ್ಕದ ಮನೆ. ಸುತ್ತಲಿನ ಎಷ್ಟೋ ಮಾವಿನ ತೋಪುಗಳಿಗೆ ಕಸಿ ಕಟ್ಟಿದವರು ಅವರು. ನಾಟಿ ಸಸಿಯ ತಲೆ ಕತ್ತರಿಸಿ, ಸೀಳಿ, ಒಳ್ಳೆಯ ಜಾತಿಯ ಕಡ್ಡಿಯನ್ನು ಬೆಣೆಯಂತೆ ಹೆರೆದು ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯುತ್ತಿದ್ದರು. ಚಾಕು ಒಂದೇ ಸಲ ಹೋಗಬೇಕು. ಎರಡನೇ ಸಲ ಎಳೆಯಬೇಕಾಗಿ ಬಂದರೆ ಆ ಕಡ್ಡಿಯನ್ನೇ ಬಿಸಾಡುವರು.

‘ಗಾಯ ದೊಡ್ಡದಾದಷ್ಟೂ ಗಿಡಕ್ಕೆ ಕೆಲ್ಸ ಜಾಸ್ತಿ ಕಣೋ. ಅದು ಬೆಳೀಬೇಕೋ, ಗಾಯ ಮಾಯಿಸ್ಕೊಂಡೇ ಕೂತಿರ್ಬೇಕೋ?’

ಬೆನ್ನುನೋವಿಗೆಂದು ಮಾಡಿಸಿದ ಸ್ಕ್ಯಾನಿನಲ್ಲಿ ಅವರ ಮೇದೋಜೀರಕ ಗ್ರಂಥಿಯ ಬಾಲದ ತುದಿಯಲ್ಲಿ ಗಡ್ಡೆ ಕಂಡಿತು. ಜಠರದ ಹಿಂದೆ, ದೊಡ್ಡ ರಕ್ತನಾಳಗಳ ಮಗ್ಗುಲಲ್ಲಿರುವ ಅಂಗ ಅದು. ಬೆಂಗಳೂರಿನ ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಸಣ್ಣ ರಂಧ್ರಗಳ ಮೂಲಕ ರೋಬೋಟ್‌ನಿಂದ ತೆಗೆಯಬಹುದು ಎಂದರು ಶಸ್ತ್ರವೈದ್ಯೆ. ಪಿಳ್ಳಪ್ಪನವರು ಆಕೆಯ ಬೆರಳುಗಳನ್ನೇ ನೋಡುತ್ತಿದ್ದರು.

‘ಚಾಕು ಯಾರ್ ಕೈಲಿರ್ತದೆ ತಾಯಿ? ನಿಮ್ಮ ಕೈಲೋ, ಮಿಷನ್ ಕೈಲೋ?’

‘ನನ್ನ ಬೆರಳು ತಿರುಗಿದ್ರೇನೇ ಅದು ತಿರುಗೋದು. ತಾನಾಗಿ ಏನೂ ಮಾಡಲ್ಲ. ಎಲ್ಲಾ ಗಡ್ಡೆಗೂ ಇದು ಆಗಲ್ಲ ಅಜ್ಜ. ನಿಮ್ಮದು ತುದೀಲಿದೆ, ದೊಡ್ಡ ನಾಳಕ್ಕೆ ಅಂಟಿಲ್ಲ.’

‘ಒಳಗ್ ಹೋದ್ಮೇಲೆ ಎಡವಟ್ಟು ಕಂಡ್ರೆ?’

‘ಮಿಷನ್ ಪಕ್ಕಕ್ಕಿಟ್ಟು ಹೊಟ್ಟೆ ತೆರೀತೀನಿ. ಅದಕ್ಕೂ ಈಗಲೇ ನೀವು ಒಪ್ಪಿಗೆ ಕೊಡ್ಬೇಕು.’

ಪಿಳ್ಳಪ್ಪನವರು ಸಹಿ ಹಾಕಿದರು. ಹೊರಗೆ ಬಂದು ನನಗೆ ಹೇಳಿದ್ದು ಇಷ್ಟು: ‘ನಿಲ್ಲಿಸೋದು ಯಾವಾಗ ಅಂತ ಗೊತ್ತಿರೋ ಕೈ. ಒಳ್ಳೆ ಕೈ.’

ಹೊಟ್ಟೆ ತೆರೆಯಬೇಕಾಗದೆ ಆಪರೇಷನ್ ಮುಗಿಯಿತು. ತೊಂದರೆ ಶುರುವಾದದ್ದು ಅವರು ಮನೆಗೆ ಬಂದ ಮೇಲೆ. ನಮ್ಮ ಕಡೆ ಆಪರೇಷನ್ ಆದವರನ್ನು ನೋಡಲು ಬ್ರೆಡ್ಡು, ಎಳನೀರು ಹಿಡಿದು ಬರುವವರು ಹೊಲಿಗೆಯನ್ನೂ ನೋಡದೆ ಎದ್ದು ಹೋಗುವುದಿಲ್ಲ. ಅವರ ಹೆಂಡತಿಯ ತಮ್ಮ, ನಂಗಲಿಯ ಲಾರಿ ಚೌಡಪ್ಪ, ಅಂಗಿ ಸರಿಸಿ ನೋಡಿ ಬೆಚ್ಚಿದರು.

‘ಇದೇನ್ ಬಾವ, ಸೊಳ್ಳೆ ಕಚ್ಚಿದಂಗೈತೆ! ಆಪರೇಷನ್ ಅಂದ್ರೆ ಇದು ನೋಡು’ ಎಂದು ಹಿಂದೆ ಪಿತ್ತಕೋಶ ತೆಗೆಸಿದ್ದ ತಮ್ಮದೇ ಹೊಟ್ಟೆಯ ಗೇಣುದ್ದದ ಗೆರೆ ತೋರಿಸಿದರು. ‘ನಿಂಗೆ ಮೋಸ ಮಾಡವ್ರೆ. ಬ್ಯಾರೆ ಕಡೆ ಕರ್ಕೊಂಡೋಗಿ ಸರ್ಯಾಗಿ ಕುಯ್ಸೋಣ. ಏನಯ್ಯಾ ಪೇಪರ್ನೋನೇ, ಬರೀ ಇದನ್ನ!’

ಪಿಳ್ಳಪ್ಪನವರ ಹೆಂಡತಿ ಯಲ್ಲಮ್ಮ ಅಳತೊಡಗಿದರು. ‘ಅಯ್ಯೋ, ಗಡ್ಡೆ ಒಳಗೇ ಐತಾ?’

ದಾಖಲೆ ನೋಡದೆ ಬರೆಯುವುದಿಲ್ಲ ಎಂದೆ. ಪ್ರಯೋಗಾಲಯದ ವರದಿ ಆ ವಾರವಷ್ಟೇ ಬಂದಿತ್ತು. ಒಂದೊಂದೇ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ: ಗಡ್ಡೆ ಇಡಿಯಾಗಿ ಬಂದಿದೆ. ಕತ್ತರಿಸಿದ ಅಂಚಿನಲ್ಲಿ ರೋಗದ ಕಣಗಳಿಲ್ಲ.

‘ಸರಿ, ಈ ತೂತಲ್ಲಿ ಹೆಂಗ್ ಬಂತು ಮತ್ತೆ?’ ಚೌಡಪ್ಪ ಬಿಡಲಿಲ್ಲ.

ಪಿಳ್ಳಪ್ಪನವರು ಪಂಚೆ ಸ್ವಲ್ಪ ಜಾರಿಸಿ, ಹೊಕ್ಕುಳ ಕೆಳಗಿನ ಬೆರಳುದ್ದದ ಹೊಲಿಗೆ ತೋರಿಸಿದರು. ‘ಚೀಲದಲ್ಲಿ ಹಾಕಿ ಇಲ್ಲಿಂದ ಈಚೆಗ್ ತೆಗೆದ್ರು. ಇದು ಬಾಗ್ಲು, ಮಿಕ್ಕಿದ್ದೆಲ್ಲ ಕಿಟಕಿ. ಲೇ ಚೌಡಾ, ಗಾಯ ದೊಡ್ಡದಾದ್ರೆ ಕೆಲ್ಸ ದೊಡ್ಡದು ಅಂತ ನಿಂಗ್ಯಾರ್ಲಾ ಹೇಳಿದ್ದು?’

ಯಲ್ಲಮ್ಮ ಕಣ್ಣೊರೆಸಿಕೊಂಡು ನಕ್ಕರು. ಮತ್ತೆ ಕೊಯ್ಯಿಸುವ ಮಾತು ಅಲ್ಲಿಗೆ ಮುಗಿಯಿತು.

ಮುಂದಿನ ಮಳೆಗಾಲಕ್ಕೆ ಅವರು ಚಾಕು ಮಸೆದು ತೋಪಿಗೆ ಇಳಿದಿದ್ದರು. ಹೇಳಿದ ದಿನ ತಪ್ಪದೆ ಸ್ಕ್ಯಾನಿಗೂ ಹೋಗುತ್ತಿದ್ದರು. ಡಾಕ್ಟರಮ್ಮನಿಗೆ ತಾವೇ ಕಟ್ಟಿದ ಒಂದು ಕಸಿ ಗಿಡ ಒಯ್ದು ಕೊಟ್ಟರು. ಆರು ವರ್ಷ ಹೀಗೇ ನಡೆಯಿತು. ಹೋದ ವರ್ಷ ಹೃದಯಾಘಾತದಿಂದ ತೀರಿಕೊಂಡರು. ಗಡ್ಡೆ ಮರಳಿರಲಿಲ್ಲ.

ಅಂಗಳದಲ್ಲಿ ಕೊನೆಯ ಸ್ನಾನ ಮಾಡಿಸುವಾಗ ನೀರು ಹಾಕುತ್ತಿದ್ದವರು ಚೌಡಪ್ಪ. ತಂಬಿಗೆ ಕೆಳಗಿಟ್ಟು ಬಾವನ ಹೊಟ್ಟೆಯ ಮೇಲೆ ಬಗ್ಗಿದರು. ಬೆರಳಿನಿಂದ ತಡವಿದರು. ಸಿಗಲಿಲ್ಲ.

‘ಎಲ್ಲಯ್ಯ ಕುಯ್ದಿದ್ದು?’ ಎಂದು ನನ್ನನ್ನು ಕೇಳಿದರು.

ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, ಮತ್ತೆ ತಂಬಿಗೆ ಎತ್ತಿಕೊಂಡರು.

‘ಒಳ್ಳೆ ಕೈ’ ಅಂದರು.