ಗಿನಿಪಿಗ್‌ಗೆ ಹತ್ತಿದ ಕಜ್ಜಿ

ಗಂಡನಿಗೆ ಮದ್ದುಗುಂಡು ತಯಾರಿಸುವ ಆರ್ಡ್‌ನೆನ್ಸ್ ಫ್ಯಾಕ್ಟರಿಯಲ್ಲಿ ಕೆಲಸ. ಧಾರವಾಡ ಬಿಟ್ಟು ನಾಗಪುರಕ್ಕೆ ಬಂದ ಹೊಸದರಲ್ಲಿ ಮಗಳಿಗೆ ಗೆಳತಿಯರೇ ಇರಲಿಲ್ಲ. ಅದಕ್ಕೇ ಧರಮಪೇಠದ ಅಂಗಡಿಯೊಂದರಿಂದ ಗಿನಿಪಿಗ್ ಮರಿ ತಂದುಕೊಟ್ಟೆವು. ಶಾಲೆಯಿಂದ ಬಂದವಳೇ ಅದಕ್ಕೆ ಕೊತ್ತಂಬರಿ ತಿನ್ನಿಸುತ್ತ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ದಿನದ ಸುದ್ದಿಯೆಲ್ಲ ಹೇಳುತ್ತಿದ್ದಳು.

ಕೆಲವೇ ವಾರಗಳಲ್ಲಿ ಮರಿ ಎಡೆಬಿಡದೆ ಕೆರೆದುಕೊಳ್ಳತೊಡಗಿತು. ಬೆನ್ನ ಮೇಲಿನ ಕೂದಲು ಉದುರಿತು, ಚರ್ಮ ದಪ್ಪಗಾಗಿ ಹೊಟ್ಟು ಎದ್ದಿತು. ಮುಟ್ಟಿದರೆ ಚೀರುತ್ತಿತ್ತು. ಪೆಟ್ಟಿಗೆಯಲ್ಲಿಟ್ಟುಕೊಂಡು ಅದೇ ಅಂಗಡಿಗೆ ಓಡಿದೆ.

"ಗರ್ಮಿ ಹೈ ಮೇಡಮ್, ಸಬ್ ಕೆ ಬಾಲ್ ಝಡತೇ ಹೈ," ಎಂದ ಮಾಲೀಕ, ಮೊಬೈಲಿನಿಂದ ಕಣ್ಣೆತ್ತದೆ. ಸೆಕೆಗೆ ಎಲ್ಲದರ ಕೂದಲೂ ಉದುರುತ್ತದಂತೆ. ಈ ಊರಿನಲ್ಲಿ ಎಲ್ಲ ತಪ್ಪನ್ನೂ ಬಿಸಿಲಿನ ತಲೆಗೆ ಕಟ್ಟಬಹುದು. ಒಂದು ಪೌಡರ್ ಡಬ್ಬಿ ಮುಂದೆ ತಳ್ಳಿದ. ಅದರ ಮೇಲೆ ನಾಯಿಯ ಚಿತ್ರ, ಕೆಳಗೆ ನಾಯಿಗಳಿಗೆ ಮಾತ್ರ ಎಂಬ ಎಚ್ಚರಿಕೆ. ತೋರಿಸಿದೆ. "ಜಾನವರ್ ತೋ ಜಾನವರ್ ಹೈ," ಎಂದು ನಕ್ಕ, ಯಾವುದಾದರೇನು, ಪ್ರಾಣಿ ಪ್ರಾಣಿಯೇ ಎನ್ನುವಂತೆ. ಡಬ್ಬಿಯನ್ನು ಅವನ ಮುಂದೆಯೇ ಕುಕ್ಕಿ ಹೊರಬಂದೆ.

ಮನೆಗೆ ಬಂದು ಪೆಟ್ಟಿಗೆ ಇಳಿಸುತ್ತಿದ್ದಂತೆ ಮರಿಯ ಮೈ ಸೆಟೆದು ಕಾಲುಗಳು ಒದ್ದಾಡತೊಡಗಿದವು.

"ಅವ್ವಾ, ಸಾಯಾಕತ್ತೈತಿ!" ಮಗಳು ಕಿರುಚಿದಳು.

ಪಕ್ಕದ ಓಣಿಯ ಪಶುವೈದ್ಯೆಯ ಬಳಿ ಹೊತ್ತುಕೊಂಡು ಹೋದೆವು. ಆಕೆ ಬ್ಲೇಡಿನಿಂದ ಚರ್ಮದ ಹೊಟ್ಟನ್ನು ಮೆಲ್ಲಗೆ ಕೆರೆದು, ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. "ಯೇ, ತೂಚ್ ಬಘ್," ಎಂದು ಮಗಳನ್ನೂ ಕರೆದು ತೋರಿಸಿದರು. ದುಂಡನೆಯ, ಕಾಲುಗಳಿರುವ ಕಜ್ಜಿ ಹುಳ. ಚರ್ಮದೊಳಗೇ ಬಿಲ ತೋಡುತ್ತದಂತೆ. ತುರಿಕೆ ಎಷ್ಟು ಉಗ್ರವೆಂದರೆ ಅದರಿಂದಲೇ ಫಿಟ್ಸ್ ಬರುತ್ತದಂತೆ. ಮರಿಯನ್ನು ತೂಗಿ, ತೂಕಕ್ಕೆ ತಕ್ಕಷ್ಟೇ ಔಷಧಿ ಚುಚ್ಚಿದರು. ಮೊಟ್ಟೆಗಳಿಂದ ಮತ್ತೆ ಹುಳ ಹುಟ್ಟುತ್ತವೆ, ಹಾಗಾಗಿ ತಪ್ಪದೆ ಇನ್ನೊಮ್ಮೆ ಚುಚ್ಚಿಸಬೇಕು, ಗೂಡಿನ ಹುಲ್ಲೆಲ್ಲ ಎಸೆದು ತೊಳೆಯಬೇಕು ಎಂದರು. ನಾಯಿಯ ಪೌಡರ್ ಹಚ್ಚಿದ್ದರೆ ನೆಕ್ಕಿಯೇ ಸಾಯುತ್ತಿತ್ತು ಎಂದೂ ಹೇಳಿದರು.

ಆ ಮಾತು ಕೇಳಿದ್ದೇ ನನ್ನ ನೆತ್ತಿಗೆ ಬೆಂಕಿ ಹತ್ತಿತು. ಮರುದಿನ ಮಗಳನ್ನು ಕರೆದುಕೊಂಡು ಅಂಗಡಿಗೆ ಹೋದೆ. ಗಂಡಹೆಂಡತಿಯಿಬ್ಬರು ತಮ್ಮ ಮಗುವಿಗೆಂದು ಒಂದು ಮರಿಯನ್ನು ಆರಿಸುತ್ತಿದ್ದರು. ಅದರ ಕೂದಲು ಸರಿಸಿ ಕಿವಿಯ ಹಿಂದಿನ ಬೋಳು ತೋರಿಸಿ, "ಇಸಕೋ ಕೀಡಾ ಲಗಾ ಹೈ," ಇದಕ್ಕೆ ಹುಳ ಹತ್ತಿದೆ, ಎಂದೆ. ಅವರು ಬರಿಗೈಯಲ್ಲಿ ಹೊರಟರು.

"ಧಂಧಾ ಖರಾಬ್ ಮತ್ ಕರೋ! ದೂಸರಾ ಲೇ ಜಾವೋ," ವ್ಯಾಪಾರ ಕೆಡಿಸಬೇಡ, ಬೇಕಾದರೆ ಬೇರೆ ಮರಿ ಒಯ್ಯಿ ಎಂದು ಮಾಲೀಕ ರೇಗಿದ. ಪಂಜರದ ಮೂಲೆಯಲ್ಲಿ ಅಲುಗಾಡದೆ ಬಿದ್ದಿದ್ದ ಒಂದನ್ನು ಕಾಲು ಹಿಡಿದೆತ್ತಿ ಕಸದ ಬುಟ್ಟಿಗೆ ಎಸೆದ. ಮಗಳು ನೋಡುತ್ತಲೇ ಇದ್ದಳು.

ನಾನು ಬಾಗಿಲಲ್ಲೇ ನಿಂತೆ. ಇಲ್ಲಿನ ಮರಿಗಳಿಗೆ ಕಜ್ಜಿ ಹುಳ ಹತ್ತಿದೆ ಎಂದು ಬಂದವರಿಗೆಲ್ಲ ಗಟ್ಟಿಯಾಗಿ ಹೇಳಿದೆ. ಗಂಟಲು ಬಿದ್ದುಹೋಯಿತು, ಆದರೂ ಸರಿಯಲಿಲ್ಲ. ಕೊನೆಗೆ ಅವನೇ ಉಳಿದ ನಾಲ್ಕು ಮರಿಗಳನ್ನೂ ರಟ್ಟಿನ ಡಬ್ಬಿಗೆ ತುಂಬಿ, "ಸಬ್ ಲೇ ಜಾವೋ, ಮಗರ್ ಜಾವೋ," ಎಲ್ಲವನ್ನೂ ಒಯ್ಯಿ, ಆದರೆ ಮೊದಲು ಇಲ್ಲಿಂದ ಹೋಗು, ಎಂದ.

"ಅವನ್ನೆಲ್ಲಾ ಎಲ್ಲಿ ಇಡ್ತಿ?" ಫೋನಿನಲ್ಲಿ ಗಂಡ ಕೇಳಿದರು.

"ಮೊದ್ಲ ಡಾಕ್ಟರ್ ಕಡೆ ಒಯ್ತೀನ್ರಿ. ಆಮ್ಯಾಲ ನೋಡೂಣು."

ಐದೂ ಬದುಕಿದವು. ನಮ್ಮದರ ಬೆನ್ನ ಮೇಲೆ ಮೊದಲು ನವಿರು ನವಿರಾಗಿ, ಆಮೇಲೆ ದಟ್ಟವಾಗಿ ಕೂದಲು ಬಂತು. ಉಳಿದ ನಾಲ್ಕಕ್ಕೆ ವೈದ್ಯೆಯೇ ಒಳ್ಳೆಯ ಮನೆಗಳನ್ನು ಹುಡುಕಿಕೊಟ್ಟರು. ಮುಂದಿನ ತಿಂಗಳು ಆ ಅಂಗಡಿಯಲ್ಲಿ, ತೊಳೆಯದ ಅದೇ ಪಂಜರದಲ್ಲಿ, ಹೊಸ ಮರಿಗಳು ತುಂಬಿದ್ದವು. ಸ್ಕೂಟರ್ ನಿಲ್ಲಿಸಿ ಮತ್ತೆ ಒಳಗೆ ಹೋದೆ.